ಬೆಲ್ಲ ಹಾಕದ ಹಸಿರು ರಸ

ಬಹಳ ಬಹಳ ಹಿಂದೆ, ಮೇಕೆಗಳು ಮಾತಾಡುತ್ತಿದ್ದ, ಗಾಣಗಳು ಎತ್ತಿಲ್ಲದೆ ತಿರುಗುತ್ತಿದ್ದ ಕಾಲದಲ್ಲಿ, ಕಬ್ಬಿನಾಡು ಅಂತ ಒಂದು ರಾಜ್ಯವಿತ್ತು. ಅದನ್ನು ತೃಪ್ತಸೇನ ಎಂಬ ರಾಜ ಆಳುತ್ತಿದ್ದ. ಹೆಸರೇನೋ ತೃಪ್ತಸೇನ, ಆದರೆ ಹತ್ತು ಹೋಳಿಗೆ ತಿಂದು ಹನ್ನೊಂದನೆಯದರ ಕಡೆ ಕಣ್ಣು ಹಾಕುವ ಆಸಾಮಿ. ರಾಜನಂತೆ ಪ್ರಜೆ ಅನ್ನುತ್ತಾರಲ್ಲ, ಪ್ರಜೆಗಳೂ ಹಾಗೇ ಇದ್ದರು.

ಆ ರಾಜ್ಯದಲ್ಲಿ ಒಂದು ರೂಢಿ. ಯಾರಿಗೆ ಏನು ಕೊಟ್ಟರೂ ಒಂದು ಚೂರು ಬೆಲ್ಲ ಹಾಕಿಯೇ ಕೊಡಬೇಕು. ಸಾರಿಗೆ ಬೆಲ್ಲ, ಪಲ್ಯಕ್ಕೆ ಬೆಲ್ಲ, ಕುಡಿಯುವ ನೀರಿನ ಜೊತೆ ಬೆಲ್ಲ, ಜ್ವರದ ಕಷಾಯಕ್ಕೂ ಬೆಲ್ಲ. ಬೆಲ್ಲ ಹಾಕದೆ ಕೊಡುವುದು ಶತ್ರುವಿಗೆ ಮಾತ್ರ. ಯುದ್ಧ ಸಾರಬೇಕಾದರೆ ಅಲ್ಲಿಯ ರಾಜರು ಓಲೆ ಬರೆಯುತ್ತಿರಲಿಲ್ಲ. ಬೆಲ್ಲವಿಲ್ಲದ ಒಂದು ಚೆಂಬು ನೀರನ್ನು ಪಕ್ಕದ ರಾಜ್ಯಕ್ಕೆ ಕಳಿಸಿಬಿಡುತ್ತಿದ್ದರು. ಆ ಕಡೆಯವರು ನೀರು ಕುಡಿದು, ಮುಖ ಹುಳ್ಳಗೆ ಮಾಡಿಕೊಂಡು, ಕತ್ತಿ ಮಸೆಯಲು ಕೂರುತ್ತಿದ್ದರು.

ವರ್ಷಕ್ಕೊಮ್ಮೆ ಹೊಸ ಬೆಲ್ಲ ಬಂದಾಗ ಅಲ್ಲಿ ಆಲೆಹಬ್ಬ. ಒಂಬತ್ತು ದಿನ ಒಲೆ ಆರಿಸುವಂತಿಲ್ಲ. ಒಂಬತ್ತನೆಯ ದಿನ ಮಧ್ಯಾಹ್ನ, ಊರಿಗೆಲ್ಲ ಹಿರಿಯ ಜೀವ ಯಾರೋ ಅವರು ಬಾಳೆಲೆಯ ಮೇಲೆ ಅಂಗೈ ಅಡ್ಡ ಹಿಡಿದು "ಸಾಕು" ಅನ್ನಬೇಕು. ಆ ಒಂದು ಮಾತು ಬಿದ್ದ ಮೇಲೆಯೇ ಹಬ್ಬ ಮುಗಿಯುವುದು. ಆ ಹಿರಿಯ ಜೀವವೇ ನಿಂಗಜ್ಜಿ. ವಯಸ್ಸು ತೊಂಬತ್ತೋ ನೂರೋ, ಅವಳಿಗೇ ಲೆಕ್ಕವಿಲ್ಲ. ಹಲ್ಲೆಲ್ಲ ಉದುರಿದ್ದವು, ಬೈಗುಳ ಒಂದೂ ಉದುರಿರಲಿಲ್ಲ. ಅವಳಿಗೆ ಇದ್ದದ್ದು ಒಬ್ಬಳೇ ಮೊಮ್ಮಗಳು, ದೇವೀರಿ. ಅಪ್ಪ ಅಮ್ಮ ಇಲ್ಲದ ಆ ಹುಡುಗಿಯನ್ನು ಅಜ್ಜಿಯೇ ಬೈದು, ಉಣ್ಣಿಸಿ, ಮತ್ತೆ ಬೈದು ದೊಡ್ಡವಳನ್ನಾಗಿ ಮಾಡಿದ್ದಳು. ಈಗ ದೇವೀರಿ ಅರಮನೆಯ ಅಡುಗೆಮನೆಯಲ್ಲಿ ರುಬ್ಬುವ ಕೆಲಸಕ್ಕಿದ್ದಳು.

ಆ ವರ್ಷ ಹಬ್ಬದ ಮೊದಲ ದಿನ ಒಬ್ಬ ಹೊಸ ಅಡುಗೆಯವನು ಬಂದ. ಹೆಸರು ಮಧುಕೇತು. ಆಳು ಕಬ್ಬಿನ ಜಲ್ಲೆಯಷ್ಟು ತೆಳ್ಳಗೆ, ಕಣ್ಣು ಮಾತ್ರ ಕಲ್ಲುಸಕ್ಕರೆಯ ಹಾಗೆ ಬೆಳ್ಳಗೆ. ಮನೆಮನೆಗೂ ಹೋಗಿ, "ನಮ್ಮೂರ ಬೆಲ್ಲ, ಪ್ರಸಾದ ಅಂದ್ಕೊಳ್ಳಿ" ಎಂದು ಬೆಲ್ಲದ ಮಡಕೆಗಳಿಗೆ ಒಂದೊಂದು ಚಿಟಿಕೆ ಬೆರೆಸಿ ಬಂದ. ಜನ ಕೈಮುಗಿದು ಮಡಕೆ ಮುಂದೊಡ್ಡಿದರು. ಅವನು ಮಾಂತ್ರಿಕ ಅಂತ ಯಾರಿಗೆ ಗೊತ್ತು!

ಒಂಬತ್ತನೆಯ ದಿನ ಬಂತು. ನಿಂಗಜ್ಜಿ ಎಲೆಯ ಮೇಲೆ ಅಂಗೈ ಅಡ್ಡ ಹಿಡಿದಳು, ಬಾಯಿ ತೆರೆದಳು. ಮಾತು ಬರಲಿಲ್ಲ. ಆ ಒಂದು ಮಾತಿಗೆ ಮಾತ್ರ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಮಧುಕೇತು ನಗುತ್ತಾ ಬಂದು, "ಸಂಕೋಚ ಯಾಕಜ್ಜೀ" ಎಂದು ಅವಳ ಕೈ ಸರಿಸಿ ಇನ್ನೊಂದು ಹೋಳಿಗೆ ಬಡಿಸಿದ. ಅಜ್ಜಿ ಅದನ್ನು ತಿಂದಳು. ತಿನ್ನುವಾಗ ಅವಳ ಕಣ್ಣಲ್ಲಿ ನೀರು ಬಂತು.

ಆಗ ಮಾಂತ್ರಿಕ ಪಂಕ್ತಿಯ ನಡುವೆ ನಿಂತು ಹೇಳಿದ: "ಕೇಳಿ ಎಲ್ಲಾರೂ. ನಿಮ್ಮಲ್ಲೊಬ್ಬರು ಮನಸಾರೆ ಆ ಮಾತು ಆಡೋವರೆಗೂ ನನ್ನ ಹಬ್ಬ ಮುಗಿಯಲ್ಲ. ತುಂಬಿದೋರೆಲ್ಲ ತಾಮ್ರದ ಹಂಡೆ ಆಗ್ತೀರಿ. ಸಾವಿರ ಹಂಡೆ ಆದ ದಿನ ಅದರಲ್ಲಿ ಪಾಯಸ ಕುದಿಸಿ ಕುಡೀತೀನಿ. ಆಮೇಲೆ ನನಗೆ ಸಾವೇ ಇಲ್ಲ."

ಅಲ್ಲಿಂದ ಶುರುವಾಯಿತು ಚಡಪಡಿಕೆ.

ಕೇಳುತ್ತಿರುವ ನೀವು ಆರಾಮಾಗಿ ಕೂತಿದ್ದೀರಿ. ಕಬ್ಬಿನಾಡಿನಲ್ಲಿ ಯಾರೂ ಕೂರಲಿಲ್ಲ. ಕೂತರೆ ಹೊಟ್ಟೆ ಎದೆಗೆ ಒತ್ತುತ್ತಿತ್ತು, ನಿಂತರೆ ಮೊಣಕಾಲು ನಡುಗುತ್ತಿತ್ತು, ಮಲಗಿದರೆ ತೇಗು ಗಂಟಲಿಗೆ ಬರುತ್ತಿತ್ತು. ಎಡಕ್ಕೆ ಹೊರಳಿದರೆ ಬಲ ಮಗ್ಗುಲು ಸರಿ ಅನ್ನಿಸುವುದು, ಬಲಕ್ಕೆ ಹೊರಳಿದರೆ ಎಡವೇ ವಾಸಿಯಿತ್ತು ಅನ್ನಿಸುವುದು. ಊರಿಗೆ ಊರೇ ಬೀದಿಯಲ್ಲಿ ಅಡ್ಡಾಡುತ್ತಿತ್ತು. ರಾಜನೂ ಕಿರೀಟ ಓರೆ ಮಾಡಿಕೊಂಡು ಕೋಟೆಯ ಈ ಬಾಗಿಲಿಂದ ಆ ಬಾಗಿಲಿಗೆ ನಡೆಯುತ್ತಿದ್ದ. ಇಷ್ಟಾದರೂ ಹೊತ್ತು ಹೊತ್ತಿಗೆ ಎಲೆ ಹಾಸುತ್ತಿದ್ದರು, ಬಡಿಸಿದ್ದನ್ನು ತಿನ್ನುತ್ತಿದ್ದರು. ಬೇಡವೆನ್ನಲು ಬಾಯಿಯೇ ಬರುತ್ತಿರಲಿಲ್ಲವಲ್ಲ. ಹತ್ತನೆಯ ದಿನ ಮಂತ್ರಿ ನಡೆಯುತ್ತಾ ನಡೆಯುತ್ತಾ ಬೀದಿಯಲ್ಲೇ ನಿಂತ. ಠಣ್ ಅಂತ ಸದ್ದಾಯಿತು. ನೋಡಿದರೆ ಮಂತ್ರಿಯಿಲ್ಲ, ಎರಡು ಕಿವಿಯ ಒಂದು ಹಂಡೆ.

ದೇವೀರಿಗೂ ಚಡಪಡಿಕೆ ಇತ್ತು, ಆದರೆ ಉಳಿದವರಷ್ಟಿಲ್ಲ. ರುಬ್ಬುವವಳಿಗೆ ಉಣ್ಣಲು ಪುರುಸೊತ್ತೆಲ್ಲಿ? ಎಲ್ಲರದೂ ಆದ ಮೇಲೆ ತಳ ಹಿಡಿದದ್ದನ್ನು ಕೆರೆದು ತಿಂದಿದ್ದಳು. ಹನ್ನೊಂದನೆಯ ದಿನ ಬೆಳಿಗ್ಗೆ ಅಜ್ಜಿಯ ಕಾಲು ತೊಳೆಯಲು ಹೋದಳು. ಕೈ ತಗುಲಿ ಅಜ್ಜಿಯ ಹೆಬ್ಬೆರಳು ಠಣ್ ಅಂದಿತು. ಎರಡೂ ಪಾದ ತಾಮ್ರವಾಗಿದ್ದವು.

"ಏನ್ ನೋಡ್ತೀಯೇ ಹಂಗೆ? ಹುಣಸೆಹಣ್ಣು ಹಾಕಿ ಉಜ್ಜು, ಹೊಳೀತದೆ" ಅಂದಳು ಅಜ್ಜಿ. ಬೈಗುಳ ಬಾಯಲ್ಲಿತ್ತು, ಗಲ್ಲ ನಡುಗುತ್ತಿತ್ತು.

ದೇವೀರಿ ಹಿತ್ತಲಿಗೆ ಓಡಿಹೋಗಿ ಅತ್ತಳು. ಹಿತ್ತಲಲ್ಲಿ ಅವರ ಮೇಕೆ ಕಪ್ಪಿ ಬೇಲಿಯ ಚಿಗುರು ಮೇಯುತ್ತಿತ್ತು. ಇಡೀ ರಾಜ್ಯದಲ್ಲಿ ಹೊಟ್ಟೆ ಹಗುರ ಇದ್ದ ಜೀವ ಅದೊಂದೇ.

"ಅತ್ತರೆ ತಾಮ್ರ ಕರಗಲ್ಲ" ಅಂದಿತು ಕಪ್ಪಿ, ಮೆಲುಕು ಹಾಕುತ್ತಲೇ. "ನಾನು ಹೇಳ್ತೀನಿ ಕೇಳು. ಗಿಳಿಕೆರೆ ಅಂಚಿಂದ ಒಂದೆಲಗ ತಾ, ಬೇರು ಬಿಟ್ಟು ದಂಟಿನ ಸಮೇತ. ಬೆಟ್ಟದ ನೆಲ್ಲಿಕಾಯಿ ತಾ. ಆಚೆ ಬಯಲಿಂದ ಎಳೆ ಸೌತೆಕಾಯಿ ತಾ. ಮನೇಲಿರೋ ಶುಂಠಿ ಒಂದು ಗೆಣ್ಣು, ಎರಡು ಹರಳು ಉಪ್ಪು. ಮನೆ ಒರಳಲ್ಲೇ ರುಬ್ಬಬೇಕು, ಸೋಸಬಾರದು. ಗಟ್ಟಿ ಹಸಿರು ರಸ ಕುಡಿದರೆ ನಾಲಿಗೆ ಬಿಡ್ತದೆ. ನಾಳೆ ಹೊತ್ತು ಮುಳುಗೋದರೊಳಗೆ ಆಗಬೇಕು, ಆಮೇಲೆ ನಿಮ್ಮಜ್ಜಿ ನೀರು ಕಾಯಿಸೋಕೇ ಸೈ. ಇನ್ನೊಂದು ಮಾತು. ಬೆಲ್ಲ ಮಾತ್ರ ಹಾಕಬೇಡ. ಮಂತ್ರ ಇರೋದೇ ಬೆಲ್ಲದಲ್ಲಿ."

"ಅಷ್ಟೂ ಗೊತ್ತಾಗಲ್ವಾ ನಂಗೆ?" ಅಂದಳು ದೇವೀರಿ. ಕಣ್ಣೊರೆಸಿಕೊಂಡು ಬುಟ್ಟಿ ಹಿಡಿದು ಹೊರಟೇಬಿಟ್ಟಳು.

ಗಿಳಿಕೆರೆಯ ಅಂಚಿನಲ್ಲಿ ಕಲ್ಲುಸಕ್ಕರೆಯ ಆನೆಯೊಂದು ಕಾವಲಿತ್ತು. ಅದರ ಸೊಂಡಿಲಿನ ಮೇಲೆ ತಟ್ಟೆ, ತಟ್ಟೆಯ ತುಂಬ ಚಿರೋಟಿ. "ಎಲ್ಲಿಗೆ ಹೊರಟೆ ಹುಡುಗಿ? ಬಾ, ಕೂತು ಉಂಡು ಹೋಗು" ಅಂದಿತು. ಕೆರೆಯ ಸುತ್ತ ಹಂಡೆಗಳು ಬಿದ್ದಿದ್ದವು. ಕೂತು ಉಂಡವರೆಲ್ಲ ಅಲ್ಲೇ ಇದ್ದರು.

"ಕೂರೋಕಾಗಲ್ಲ ಆನೆಯಪ್ಪ, ಹೊಟ್ಟೆ ಬಿಡಲ್ಲ" ಅಂದಳು ದೇವೀರಿ. ನಿಜವನ್ನೇ ಹೇಳಿದಳು. ಅವಳ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಬಗ್ಗಿ ಒಂದು ಹಿಡಿ ಸೊಪ್ಪು ಚಿವುಟುವಳು, ನಾಲ್ಕು ಹೆಜ್ಜೆ ನಡೆಯುವಳು, ಮತ್ತೆ ಬಗ್ಗುವಳು. ಆನೆ ತಟ್ಟೆ ಹಿಡಿದು "ಒಂದೇ ಒಂದು, ಒಂದೇ ಒಂದು" ಎಂದು ಹಿಂದೆಯೇ ಬಂತು. ಒಂದು ಸುತ್ತು ಆಯಿತು, ಎರಡು ಸುತ್ತು ಆಯಿತು. ಮೂರನೆಯ ಸುತ್ತಿನಲ್ಲಿ ದೇವೀರಿ ನೀರಿಗಿಳಿದು ನಡೆದಳು. ಬಡಿಸುವ ಹುಚ್ಚಿನಲ್ಲಿ ಆನೆಯೂ ನೀರಿಗಿಳಿಯಿತು. ಕಾಲು ಕರಗಿತು, ಹೊಟ್ಟೆ ಕರಗಿತು, ಕೊನೆಗೆ ಚಿರೋಟಿಯ ತಟ್ಟೆಯೊಂದು ತೇಲಿಕೊಂಡು ಹೋಯಿತು. ಆ ಕೆರೆಯ ಮೀನು ಇವತ್ತಿಗೂ ಸಿಹಿಯಂತೆ. ತಿಂದವರು ಹೇಳಿದ್ದು, ನಾನು ತಿಂದಿಲ್ಲ.

ನೆಲ್ಲಿಯ ಮರದ ಬುಡದಲ್ಲಿ ಒಂದು ಕರಡಿ. ಅದರ ಮೈಯೆಲ್ಲ ಜೇನು, ಮುಂದೆ ಒಂದು ಬಾನಿ ತುಂಬ ಜೇನು. "ಎಲ್ಲಿಗೆ ಹೊರಟೆ ಹುಡುಗಿ? ಬಾ, ಕೂತು ಉಂಡು ಹೋಗು" ಅಂದಿತು.

"ಕೂರೋಕಾಗಲ್ಲ ಕರಡಿಯಣ್ಣ, ಹೊಟ್ಟೆ ಬಿಡಲ್ಲ." ದೇವೀರಿ ಒಂದು ಕಾಲಿಂದ ಇನ್ನೊಂದು ಕಾಲಿಗೆ ಮೈಭಾರ ಬದಲಿಸುತ್ತಾ ಕೇಳಿದಳು, "ನೀನೇ ಈ ಮರ ಕಾಯ್ತೀಯಲ್ಲ, ಒಂದು ಕಾಯಾದರೂ ತಿಂದಿದ್ದೀಯಾ?"

ಕರಡಿ ತಿಂದಿರಲಿಲ್ಲ. ನೂರು ವರ್ಷದಿಂದ ಜೇನು ಬಿಟ್ಟು ಬೇರೇನೂ ತಿಂದಿರಲಿಲ್ಲ, ಜೇನಿನ ರುಚಿಯೂ ಅದಕ್ಕೆ ಮರೆತುಹೋಗಿತ್ತು. ನಾಚಿಕೊಂಡು ಒಂದು ನೆಲ್ಲಿಕಾಯಿ ಕಚ್ಚಿತು. ಹುಳಿ! ಒಗರು! ಕಿವಿಯವರೆಗೆ ಮುಖ ಕಿವುಚಿಕೊಂಡು, ಊಳಿಟ್ಟು, ತೊರೆಗೆ ಓಡಿ ನೀರು ಕುಡಿಯಿತು. ಕುಡಿದು ಹಾಗೇ ನಿಂತುಬಿಟ್ಟಿತು.

"ನೀರು ಇಷ್ಟು ಸಿಹಿಯಾಗಿರ್ತದಾ?" ಎಂದು ಕೇಳಿತು. ಅದರ ಕಣ್ಣಿಂದ ಜೇನಲ್ಲ, ಬರೀ ಉಪ್ಪುನೀರು ಇಳಿಯಿತು. "ತಗೊಂಡು ಹೋಗವ್ವ, ಬುಟ್ಟಿ ತುಂಬ ತಗೊಂಡು ಹೋಗು" ಎಂದು ತಾನೇ ಕೊಂಬೆ ಬಗ್ಗಿಸಿ ಹಿಡಿಯಿತು.

ಮರುದಿನ ಬೆಳಗಾಗುವ ಹೊತ್ತಿಗೆ ದೇವೀರಿ ಸೌತೆಯ ಬಯಲಿನಲ್ಲಿದ್ದಳು. ಅಲ್ಲಿ ಆನೆಯೂ ಇಲ್ಲ, ಕರಡಿಯೂ ಇಲ್ಲ. ಬಳ್ಳಿಯ ನಡುವೆ ಅವಳ ಅಜ್ಜಿಯೇ ಎಲೆ ಹಾಸಿಕೊಂಡು ಕೂತಿದ್ದಳು. ಎಲೆಯ ಮೇಲೆ ಬಿಸಿ ಅನ್ನ, ತುಪ್ಪ, ಬೆಲ್ಲ. "ಎಲ್ಲಿಗೆ ಹೊರಟೆ ಕಂದಾ? ಬಾ, ಕೂತು ಉಂಡು ಹೋಗು. ಪಾಪ, ನಡೆದು ನಡೆದು ಎಷ್ಟು ದಣಿದಿದ್ದೀಯೆ ನನ್ನ ಚಿನ್ನ."

ದೇವೀರಿಯ ಮನಸ್ಸು ಕರಗಿತು. ಒಂದು ಹಗಲು ಒಂದು ಇರುಳು ನಿಲ್ಲದೆ ನಡೆದ ಕಾಲು, ಕೂರು ಕೂರು ಅಂದಿತು. ಅರ್ಧ ಬಗ್ಗಿದಳು ಕೂಡ. ಆಗ ಅವಳಿಗೆ ಅನುಮಾನ ಬಂತು. ಕಂದಾ? ಚಿನ್ನಾ? ತಾನು ಹುಟ್ಟಿದಾಗಿನಿಂದ ಅಜ್ಜಿ ಒಂದು ದಿನವಾದರೂ ಬೈಯದೆ ಬಡಿಸಿದ್ದುಂಟೇ? "ಎಲ್ಲಿ ಹಾಳಾಗಿ ಹೋಗಿದ್ದೆ ಮುಂಡೇದೇ" ಅನ್ನದೆ ಅವಳು ತಟ್ಟೆಗೆ ಕೈ ಹಾಕಿದ್ದೇ ಇಲ್ಲ.

"ಯಾರೇ ನೀನು?" ಎಂದು ದೇವೀರಿ ಬುಟ್ಟಿಯಿಂದ ಒಂದು ನೆಲ್ಲಿಕಾಯಿ ಬೀಸಿ ಹೊಡೆದಳು. ಅಜ್ಜಿ ಹಸಿರಾದಳು, ಕಂದಾದಳು, ಕೆಂಪಾದಳು. ಕೊನೆಗೆ ಬರೀ ಒಂದು ಗೋಸುಂಬೆಯಾಗಿ ಬೇಲಿ ನುಸುಳಿ ಓಡಿತು. ದೇವೀರಿ ಸೌತೆಕಾಯಿ ಕಿತ್ತುಕೊಂಡು, ಕೂರದೆ, ನಿಲ್ಲದೆ ಊರಿನ ದಾರಿ ಹಿಡಿದಳು.

ಊರು ಮುಟ್ಟುವಾಗ ಮಧ್ಯಾಹ್ನ ಇಳಿದಿತ್ತು. ಬೀದಿಯ ತುಂಬ ಹಂಡೆಗಳು. ಅಜ್ಜಿಯ ಸೊಂಟದವರೆಗೂ ತಾಮ್ರ. ದೇವೀರಿ ಒರಳ ಮುಂದೆ ಮಂಡಿಯೂರಿದಳು. ಒಂದೆಲಗವನ್ನು ಎರಡು ನೀರಿನಲ್ಲಿ ತೊಳೆದಳು, ನೆಲ್ಲಿಕಾಯಿಯ ಬೀಜ ತೆಗೆದಳು, ಸೌತೆಕಾಯಿಯ ತುದಿ ಕೊಯ್ದು ಉಜ್ಜಿ ಉಜ್ಜಿ ಕಹಿ ನೊರೆ ತೆಗೆದು ಸಿಪ್ಪೆ ಸಮೇತ ಹೆಚ್ಚಿದಳು. ಶುಂಠಿ ಜಜ್ಜಿದಳು. ಗುಂಡು ತಿರುಗಿತು, ಗರ ಗರ ಗರ. ಹಸಿರು ಅಂದರೆ ಎಂಥ ಹಸಿರು! ನೀರು ಬೆರೆಸಿ, ಉಪ್ಪು ಹಾಕಿ, ಲೋಟಕ್ಕೆ ಬಗ್ಗಿಸಿದಳು.

ಬಗ್ಗಿಸಿದ್ದೇ ತಡ, ಬಾಗಿಲಲ್ಲಿ ಕಿರೀಟ ಕಂಡಿತು. ಬೀದಿ ಅಲೆಯುತ್ತಿದ್ದ ರಾಜ ವಾಸನೆ ಹಿಡಿದು ಬಂದಿದ್ದ. "ಕೊಡು ಇಲ್ಲಿ. ಮೊದಲು ರಾಜ, ಆಮೇಲೆ ಅಜ್ಜಿ" ಎಂದು ಲೋಟ ಕಿತ್ತುಕೊಂಡು ಗಟಗಟ ಕುಡಿದ. "ಆಹಾ, ಚೆನ್ನಾಗಿದೆ, ಇನ್ನೂ..." ಅಂದ. ಠಣ್! ಅಡುಗೆಮನೆಯ ನಡುವೆ ಕಿರೀಟ ಹೊತ್ತ ಒಂದು ದೊಡ್ಡ ಹಂಡೆ ನಿಂತಿತ್ತು.

ದೇವೀರಿ ತನ್ನ ಬಲಗೈ ನೋಡಿಕೊಂಡಳು. ಬೆರಳ ತುದಿಯಲ್ಲಿ ಬೆಲ್ಲ ಅಂಟಿತ್ತು. ಉಪ್ಪು ಹಾಕಿದ ಕೈ, ತನ್ನಷ್ಟಕ್ಕೆ ತಾನು ಪಕ್ಕದ ಮಡಕೆಗೂ ಹೋಗಿ ಬಂದಿತ್ತು. ಹತ್ತು ವರ್ಷ ರುಬ್ಬಿದ ಕೈ, ಅದಕ್ಕೆ ಹೇಳುವವರು ಯಾರು? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ರಾಜ ಕಿತ್ತುಕೊಳ್ಳದೆ ಹೋಗಿದ್ದರೆ ಆ ಲೋಟ ಅಜ್ಜಿಗೆ ಹೋಗುತ್ತಿತ್ತು.

"ನಾನು ಹೇಳಿದ್ದೆ" ಅಂದಿತು ಕಿಟಕಿಯಿಂದ ಕಪ್ಪಿ.

ಬುಟ್ಟಿಯ ತಳದಲ್ಲಿ ಒಂದು ಹಿಡಿ ಒಂದೆಲಗ, ಅರ್ಧ ಸೌತೆಕಾಯಿ, ಮೂರು ನೆಲ್ಲಿಕಾಯಿ ಉಳಿದಿದ್ದವು. ಒಂದೇ ಲೋಟಕ್ಕಾಗುವಷ್ಟು. ಕಿಟಕಿಯ ಬಿಸಿಲು ಆಗಲೇ ಗೋಡೆ ಹತ್ತಿತ್ತು. ದೇವೀರಿ ಬಲಗೈಯನ್ನು ಬೆನ್ನ ಹಿಂದೆ ಇಟ್ಟು, ಸೆರಗಿನಿಂದ ಸೊಂಟಕ್ಕೆ ಸುತ್ತಿ, ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಬಿಗಿದಳು. ಎಡಗೈಯಲ್ಲಿ ಗುಂಡು ಹಿಡಿದಳು. ಅಭ್ಯಾಸವಿಲ್ಲದ ಕೈ, ಗುಂಡು ಅಡ್ಡಾದಿಡ್ಡಿ ಓಡಿತು, ಒಂದು ಸಲ ಬೆರಳೂ ಜಜ್ಜಿತು. ಕಟ್ಟಿದ ಬಲಗೈ ಬೆಲ್ಲದ ಮಡಕೆಯ ಕಡೆಗೆ ಮೂರು ಸಲ ಎಳೆಯಿತು. ಮೂರು ಸಲವೂ ಅವಳು ಬಿಡಲಿಲ್ಲ.

ರಸ ತೆಗೆದುಕೊಂಡು ಒಳಗೆ ಹೋದಾಗ ತಾಮ್ರ ಅಜ್ಜಿಯ ಎದೆಗೆ ಬಂದಿತ್ತು. ಅಜ್ಜಿ ಲೋಟ ಮೂಸಿದಳು.

"ಬೆಲ್ಲ ಹಾಕಿದ್ದೀಯಾ?"

"ಇಲ್ಲಜ್ಜಿ."

ಅಜ್ಜಿ ಲೋಟವನ್ನು ಪಕ್ಕಕ್ಕಿಟ್ಟಳು. "ಬೆಲ್ಲ ಹಾಕದೆ ಯಾರಿಗೆ ಕೊಡ್ತಾರೆ ಅಂತ ನಿಂಗೆ ಗೊತ್ತು. ನಾನೇ ಹೇಳಿಕೊಟ್ಟಿದ್ದು. ತಾಯಿಯಿಲ್ಲದ ಕೂಸು ಅಂತ ನಿನ್ನ ಬಾಯಿಗೆ ನಾನು ಮೊದಲು ಇಟ್ಟಿದ್ದೇ ಬೆಲ್ಲ ಕಣೇ. ಈಗ ನನ್ನನ್ನು ಶತ್ರು ಮಾಡ್ತೀಯಾ?"

ಅಷ್ಟರಲ್ಲಿ ಮಧುಕೇತು ಹೊಸಿಲಲ್ಲಿ ನಿಂತಿದ್ದ. ಒಂದು ಕೈಯಲ್ಲಿ ಹೋಳಿಗೆಯ ತಟ್ಟೆ, ಇನ್ನೊಂದು ಕೈಯಲ್ಲಿ ಬೆಲ್ಲದಚ್ಚು. "ಅಜ್ಜೀ, ಮೊಮ್ಮಗಳಿಗೆ ಪ್ರೀತಿ ಇದ್ದಿದ್ದರೆ ಇಂಥಾ ಸೊಪ್ಪಿನ ರಸ ಕೊಡ್ತಿದ್ದಳಾ? ಒಂದು ಚೂರು, ಒಂದೇ ಚೂರು ಹಾಕಲಾ?" ಎಂದು ಜೇನಿನ ದನಿಯಲ್ಲಿ ಕೇಳಿದ.

ದೇವೀರಿಗೆ ತಡೆಯಲಾಗಲಿಲ್ಲ. "ಅಜ್ಜೀ, ನನಗೂ ಹಾಕೋಕೆ ಆಸೆ! ನೋಡು, ಕೈ ಕಟ್ಟಿಕೊಂಡು ಬಂದಿದ್ದೀನಿ. ನೀನು ಹಂಡೆ ಆಗಿಬಿಟ್ಟರೆ ನನ್ನ ಬೈಯೋರು ಯಾರು? ನಿನ್ನೊಳಗೆ ನೀರು ಕಾಯಿಸಿಕೊಂಡು ನಾನು ಸ್ನಾನ ಮಾಡಲಾ? ಕುಡಿಯಜ್ಜಿ, ನಿನ್ನ ಕಾಲಿಗೆ ಬೀಳ್ತೀನಿ" ಎಂದು ಜೋರಾಗಿ ಅತ್ತಳು.

ಅಜ್ಜಿ ಸೆರಗಿನಲ್ಲಿ ಬಿಗಿದ ಆ ಕೈ ನೋಡಿದಳು. ಜಜ್ಜಿದ ಎಡಗೈ ಬೆರಳು ನೋಡಿದಳು. ಸೂರ್ಯ ಮಾಳಿಗೆಯ ಅಂಚು ಮುಟ್ಟಿದ್ದ, ತಾಮ್ರ ಅಜ್ಜಿಯ ಭುಜ ಮುಟ್ಟಿತ್ತು, ಕೈ ಮಾತ್ರ ಇನ್ನೂ ಆಡುತ್ತಿತ್ತು. ಅವಳು ಲೋಟ ಎತ್ತಿದಳು.

ಒಂದು ಗುಟುಕು. "ಥೂ! ದನಕ್ಕೆ ಹಾಕೋದನ್ನ ನಂಗೆ ಹಾಕಿದ್ದಾಳೆ."

ಎರಡನೆಯ ಗುಟುಕು. "ಹುಳಿ! ಇರೋ ಎರಡು ದವಡೆಯೂ ಜುಮ್ ಅಂತು."

ಮೂರನೆಯ ಗುಟುಕು. ಎದೆಯಿಂದ ಒಂದು ಉದ್ದನೆಯ ತೇಗು ಬಂತು, ಹನ್ನೆರಡು ದಿನದ ತೇಗು. ಅಂಗುಳದಿಂದ ನಾಲಿಗೆ ಪಟ್ಟನೆ ಬಿಟ್ಟಿತು. ಮಧುಕೇತು ಗಾಬರಿಯಾಗಿ ಓಡಿಬಂದು ತಟ್ಟೆ ಮುಂದೆ ಹಿಡಿದ. "ಒಂದು ಹೋಳಿಗೆ ಅಜ್ಜೀ, ಒಂದೇ ಒಂದು!"

ನಿಂಗಜ್ಜಿ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದಳು. ಅವನ ಮುಖ ನೋಡಿ ಹೇಳಿದಳು.

"ಸಾಕು."

ಊರಿನ ಒಲೆಗಳೆಲ್ಲ ಒಟ್ಟಿಗೇ ಆರಿದವು. ಮಧುಕೇತು ಕಾಲಿಂದ ಕರಗತೊಡಗಿದ. ಕರಗಿ ಕರಗಿ ಹೊಸಿಲ ಮೇಲೆ ಒಂದು ಬೆಲ್ಲದ ಹೆಂಟೆಯಾದ. ಅದೆಲ್ಲಿಂದ ಬಂದವೋ, ಇರುವೆಗಳು ಸಾಲುಗಟ್ಟಿ ಬಂದು ಅವನನ್ನು ಚೂರುಚೂರಾಗಿ ಹೊತ್ತುಕೊಂಡು ಹೋದವು. ಅಜ್ಜಿಯ ಮೈಯಿಂದ ತಾಮ್ರ ಸಿಪ್ಪೆಯ ಹಾಗೆ ಉದುರಿತು. ಬೀದಿಯ ಹಂಡೆಗಳೆಲ್ಲ ಠಣ್ ಠಣ್ ಅಂತ ಒಡೆದು ಜನ ಎದ್ದರು, ಗಿಳಿಕೆರೆಯವರೂ ಎದ್ದರು. ಇಡೀ ಕಬ್ಬಿನಾಡು ಒಂದೇ ಸಲ ತೇಗಿತು. ರಾಜ ಅಡುಗೆಮನೆಯಲ್ಲಿ ಕಣ್ಣುಜ್ಜಿಕೊಂಡು ಎದ್ದು, ಕಿರೀಟ ಕೈಯಲ್ಲಿ ಹಿಡಿದು, ಯಾರ ಮುಖವನ್ನೂ ನೋಡದೆ ಮನೆಗೆ ಹೋದ. ಆಮೇಲೆ ಎಲ್ಲರೂ ಕೂತರು. ಸುಮ್ಮನೆ ಕೂತರು. ಕೂರುವುದು ಇಷ್ಟು ಸುಖ ಅಂತ ಅವರಿಗೆ ಗೊತ್ತೇ ಇರಲಿಲ್ಲ.

ಮಾರನೆಯ ದಿನ ರಾಜ ಡಂಗುರ ಸಾರಿಸಿದ. ಇನ್ನು ಮೇಲೆ ಆಲೆಹಬ್ಬದ ಹತ್ತನೆಯ ದಿನ ಪ್ರತಿ ಮನೆಯಲ್ಲೂ ಹಸಿರು ರಸ ರುಬ್ಬಬೇಕು, ಬೆಲ್ಲ ಹಾಕದೆ ರುಬ್ಬಬೇಕು, ಯಾರ ಮೇಲೆ ಪ್ರಾಣವೋ ಅವರಿಗೆ ಮೊದಲು ಕೊಡಬೇಕು. ರುಬ್ಬುವವರಿಗೆ ಆವತ್ತು ಮೊದಲ ಪಂಕ್ತಿಯಲ್ಲಿ ಎಲೆ. ಕರಡಿ ಊರೂರಿಗೆ ನೆಲ್ಲಿಕಾಯಿ ಹೊತ್ತು ತಂದಿತು. ಕಪ್ಪಿಗೆ ಅರಮನೆಯ ತೋಟದ ಬಾಗಿಲು ತೆರೆದಿಟ್ಟರು. ತೋಟ ಉಳಿಯಲಿಲ್ಲ, ಅದು ಬೇರೆ ವಿಷಯ.

ಮುಂದಿನ ವರ್ಷ ಹತ್ತನೆಯ ದಿನ ದೇವೀರಿ ಮೊದಲ ಲೋಟ ಅಜ್ಜಿಗೇ ಕೊಟ್ಟಳು. ಕೈ ಕಟ್ಟಿಕೊಂಡಿರಲಿಲ್ಲ. ಬಲಗೈ ಈಗ ಹೇಳಿದ ಮಾತು ಕೇಳುತ್ತಿತ್ತು. ಅಜ್ಜಿ ಪೂರ್ತಿ ಕುಡಿದು, ಲೋಟ ಬೋರಲು ಹಾಕಿ, ಸೆರಗಿನಿಂದ ಬಾಯೊರೆಸಿಕೊಂಡಳು.

"ಹೆಂಗಿತ್ತಜ್ಜಿ?"

"ಇತ್ತು ಬಿಡು" ಅಂದಳು ಅಜ್ಜಿ. ಮೊಮ್ಮಗಳ ಆ ಬಲಗೈಯನ್ನು ತನ್ನ ಮಡಿಲಿಗೆಳೆದುಕೊಂಡು, ಬೆರಳು ಒಂದೊಂದೇ ಸವರಿದಳು. "ಒಂದು ಚೂರು ಬೆಲ್ಲ ಬಿದ್ದಿದ್ದರೆ ಇನ್ನೂ ಚೆನ್ನಾಗಿರೋದು. ಹಾಕಿದೆಯೋ, ಕೈ ಮುರೀತೀನಿ."

ದೇವೀರಿ ನಕ್ಕಳು, ಅಜ್ಜಿಯೂ ನಕ್ಕಳು, ಕಿಟಕಿಯಲ್ಲಿ ಮೇಕೆಯೂ ನಕ್ಕಿತು. ಅವರೆಲ್ಲ ಹಗುರವಾದ ಹೊಟ್ಟೆಯಲ್ಲಿ ನೂರು ಕಾಲ ಸುಖವಾಗಿ ಬಾಳಿದರು. ಕತೆ ಹೇಳಿದ ನನಗೆ ಒಂದು ಲೋಟ ಹಸಿರು ರಸ ಕೊಟ್ಟರು, ಮುಖ ಕಿವುಚಿಕೊಂಡು ಕುಡಿದು ಬಂದೆ.